ಎಲ್ಲಿಗೂ ಹೋಗದ ನಾಲ್ಕಡಿ ಪೈಪು

ಚಾಮುಂಡಿ ಬೆಟ್ಟ ಇಳಿದು ಬಂದು ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನನ್ನೂ ಕಾರನ್ನೂ ಒಂದ್ಸಲ ನೋಡಿ, ನಿಜವಾದ ಕನಿಕರದಿಂದ ಕೇಳಿದರು: "ಸೈಲೆನ್ಸರ್ ಎಲ್ಲಿ ಬಿದ್ದೋಯ್ತಪ್ಪಾ? ಮೇಲ್ಗಡೆನಾ?"

ಬಿದ್ದಿರಲಿಲ್ಲ. ಹಿಂದಿನ ದಿನ ನಾನೇ ದುಡ್ಡು ಕೊಟ್ಟು ಬಿಚ್ಚಿಸಿದ್ದೆ. ಅದರ ಜಾಗಕ್ಕೆ ಒಂದು ನೇರ ಪೈಪು ಹಾಕಿಸಿದ್ದೆ. "ಹೂಂ, ಮೇಲ್ಗಡೆನೇ" ಅಂದು ಟೀ ಕುಡಿದು ಬಂದೆ.

ಕಾರು 1999ರ ಮಾರುತಿ 800. ಕಾರ್ಬುರೇಟರ್ ಗಾಡಿ. 796 ಸಿಸಿ, ಮೂರು ಸಿಲಿಂಡರ್. ಹೊಸದಿದ್ದಾಗಲೇ 40 ಹಾರ್ಸ್‌ಪವರ್ ಇರಲಿಲ್ಲ, ಈಗ ಎಷ್ಟು ಕುದುರೆ ಉಳಿದಿವೆಯೋ ಆ ಚಾಮುಂಡಿಗೇ ಗೊತ್ತು. ಇದನ್ನು ಜೋರಾಗಿ ಓಡಿಸಬೇಕು ಅನ್ನೋ ಆಸೆ ನನಗೆ ಯಾವತ್ತೂ ಇರಲಿಲ್ಲ. ಸದ್ದು ಚೆನ್ನಾಗಿರಬೇಕು, ಅಷ್ಟೇ.

ಈ ಹುಚ್ಚಿಗೆ ಅಪ್ಪನ ಯೆಜ್ಡಿ ಬೈಕು ಕಾರಣ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕುವ ತನಕ ಊರಿನ ಪ್ರತಿ ಬೀದಿಯಲ್ಲೂ ಅದರ ಒಂದು ಗಾಡಿ ಇತ್ತು ಅನ್ನಬಹುದು. ಇರೋದು ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಸಾಯಂಕಾಲ ಅಪ್ಪ ತಿರುವಿನಲ್ಲಿ ಗೇರ್ ಇಳಿಸಿದರೆ ಅಮ್ಮ ಕಾಫಿಗೆ ಹಾಲು ಇಡುತ್ತಿದ್ದರು. ಪಕ್ಕದ ಮನೆಯವರದ್ದೂ ಯೆಜ್ಡಿನೇ, ಆದರೆ ಅಮ್ಮ ಒಂದು ದಿನವೂ ತಪ್ಪಿಲ್ಲ.

ಮಾರುತಿಯ ಇಂಜಿನ್ನಿಗೆ ಒಂದು ಸ್ವಂತ ಸ್ವರ ಇದೆ ಅಂತ ನನಗೆ ಮೊದಲಿಂದಲೂ ಅನುಮಾನ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಪ್ರತಿ 180 ಡಿಗ್ರಿಗೆ ಒಂದು ಸಿಲಿಂಡರ್ ಉರಿಯುತ್ತದೆ. ಇದರಲ್ಲಿ 240 ಡಿಗ್ರಿಗೆ ಒಂದು. ಅಂದರೆ ಆರು ಸಿಲಿಂಡರಿನ ಇಂಜಿನ್ನನ್ನು ಅರ್ಧಕ್ಕೆ ಕತ್ತರಿಸಿದ ಹಾಗೆ. ಆ ಅರ್ಧದ ಸದ್ದಾದರೂ ಕೇಳಬೇಕಲ್ವಾ?

ಕೇಳಿದ್ದು ತಗಡಿನ ಡಬ್ಬದ ಸದ್ದು. ನೇರ ಪೈಪಿನ ತೊಂದರೆಯೇ ಅದು. ಸ್ವರ, ಅಪಸ್ವರ ಎಲ್ಲ ಒಟ್ಟಿಗೆ ಆಚೆ ಬರುತ್ತವೆ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನಿಂದ ಪಟಪಟ ಪಟಾಕಿ. ಗಾಸ್ಕೆಟ್ ಜಾಗದಲ್ಲಿ ಸ್ವಲ್ಪ ಗಾಳಿ ಒಳಗೆ ಹೋದರೂ ಸಾಕು, ಉಳಿದ ಪೆಟ್ರೋಲು ಪೈಪಿನಲ್ಲೇ ಉರಿಯುತ್ತದೆ. ಫೋನಿನ ಮೀಟರನ್ನು ಪೂರ್ತಿ ನಂಬೋಕಾಗಲ್ಲ, ಆದರೂ ನಮ್ಮ ಗೇಟಿನ ಹತ್ತಿರ 90 ಡೆಸಿಬಲ್ ದಾಟಿತ್ತು. ಮನೆಗಳಿರುವ ಜಾಗದಲ್ಲಿ ಹಗಲಿಗೆ 55, ರಾತ್ರಿ ಹತ್ತರ ಮೇಲೆ 45 ಅಂತ ನಿಯಮ. ಎದುರು ಮನೆಯಲ್ಲಿ ಬಾಣಂತಿ ಇದ್ದಳು. ಅವಳ ತಾಯಿ ನನ್ನ ಹತ್ತಿರ ಏನೂ ಹೇಳಲಿಲ್ಲ. ಬೆಳಿಗ್ಗೆ ನಾನು ಕಾರಿನ ಬಾಗಿಲು ತೆಗೆದ ತಕ್ಷಣ ಅವರ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.

ಹತ್ತನೇ ದಿನ ಪೊಲೀಸರು ಕೈ ಅಡ್ಡ ಹಾಕಿದರು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಇದಕ್ಕೆ ಮೊದಲ ಸಲವೇ 10,000 ರೂಪಾಯಿವರೆಗೂ ದಂಡ ಹಾಕಬಹುದು, ಮೂರು ತಿಂಗಳವರೆಗೆ ಜೈಲೂ ಇದೆ. ನನಗೆ ಅಷ್ಟೆಲ್ಲ ಆಗಲಿಲ್ಲ. "ಇದಕ್ಯಾಕ್ರೀ ಈ ವಯಸ್ಸಲ್ಲಿ?" ಅಂದರು. ಕಾರಿನ ವಯಸ್ಸೋ ನನ್ನದೋ, ಕೇಳೋಕೆ ಹೋಗಲಿಲ್ಲ.

ಅಲ್ಲಿಂದ ಬುದ್ಧಿ ಸ್ವಲ್ಪ ಬಂತು. ಪೂರ್ತಿ ಬರಲಿಲ್ಲ. ಹೀರುವ ಜಾತಿಯ ಸೈಲೆನ್ಸರ್ ನಾನೇ ಮಾಡೋಣ ಅಂದುಕೊಂಡೆ. ಕಂಪನಿಯ ಸೈಲೆನ್ಸರಿನ ಒಳಗೆ ಕೋಣೆಗಳಿರುತ್ತವೆ. ಸದ್ದು ಒಂದರಿಂದ ಇನ್ನೊಂದಕ್ಕೆ ಹೋಗಿ, ಗೋಡೆಗೆ ಬಡಿದು ವಾಪಸ್ ಬಂದು, ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಹೀರುವ ಜಾತಿಯದ್ದರಲ್ಲಿ ಕೋಣೆ ಇಲ್ಲ. ನೇರವಾದ ತೂತಿನ ಪೈಪು, ಸುತ್ತ ಗ್ಲಾಸ್ ವೂಲ್, ಹೊರಗೆ ಒಂದು ಡಬ್ಬ. ಕೀರಲು ಸದ್ದನ್ನು ಉಣ್ಣೆ ನುಂಗುತ್ತದೆ, ದಪ್ಪ ಸದ್ದು ಆಚೆ ಬರುತ್ತದೆ. ನನಗೆ ಬೇಕಾಗಿದ್ದೂ ಅದೇ.

ಒಂದೂವರೆ ಇಂಚಿನ ಪೈಪಿಗೆ ನಾಲ್ಕು ಮಿಲಿಮೀಟರ್ ಬಿಟ್‌ನಲ್ಲಿ ಮುನ್ನೂರು ಚಿಲ್ಲರೆ ತೂತು ಕೊರೆದೆ. ಎರಡು ಭಾನುವಾರ ಹೋಯಿತು. ಮಂಡಿ ಮೊಹಲ್ಲಾದ ಗುಜರಿಯಲ್ಲಿ ಹಳೇ ಡಬ್ಬ ಸಿಕ್ಕಿತು. ಗ್ಲಾಸ್ ವೂಲ್ ಸುತ್ತುವಾಗ ಗ್ಲೌಸ್ ಹಾಕಿದ್ದೆ, ಪೂರ್ತಿ ತೋಳಿನ ಅಂಗಿ ಹಾಕಿರಲಿಲ್ಲ. ಮೊಣಕೈ ಮೂರು ದಿನ ಉರಿಯಿತು. ಬೆಸುಗೆ ಹಾಕಿಸಿ, ಸ್ಟಾರ್ಟ್ ಮಾಡಿ, ಒಂದು ಸಲ ಜೋರಾಗಿ ಆಕ್ಸಿಲರೇಟರ್ ಒತ್ತಿದೆ. ಹಿಂದಿನಿಂದ ಬೂರುಗದ ಹತ್ತಿ ಹಾರಿದ ಹಾಗೆ ಉಣ್ಣೆಯೆಲ್ಲ ಗಾಳಿಗೆ ಹೋಯಿತು. ವೆಲ್ಡಿಂಗ್ ಅಂಗಡಿಯ ಹುಡುಗ ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ.

ಪರಿಹಾರ ಅವನೇ ಹೇಳಿದ. ಉಣ್ಣೆಗೂ ಪೈಪಿಗೂ ಮಧ್ಯೆ ಸ್ಟೀಲ್ ನಾರು ಸುತ್ತಬೇಕಂತೆ. ದೇವರಾಜ ಮಾರ್ಕೆಟ್ಟಿಗೆ ಹೋಗಿ ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಎರಡು ಡಜನ್ ತಂದೆ. "ಹೋಟ್ಲಾ ಸಾರ್?" ಅಂದರು ಅಂಗಡಿಯವರು. ಒಂದೊಂದನ್ನೇ ಬಿಚ್ಚಿ, ಎಳೆದು, ಪೈಪಿಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಉಣ್ಣೆ ಸುತ್ತಿದೆ. ಈ ಸಲ ನಿಂತಿತು.

ಸದ್ದು ಚೆನ್ನಾಗಿತ್ತು. ನಿಜಕ್ಕೂ. ಐಡ್ಲಿಂಗಿನಲ್ಲಿ ಗಂಟಲು ಸರಿಮಾಡಿಕೊಂಡ ಹಾಗೆ, ಎರಡನೇ ಗೇರಿನಲ್ಲಿ ಸ್ವಲ್ಪ ಗೊಗ್ಗರು, ಮೂರನೇ ಗೇರಿನಲ್ಲಿ 75ರ ಹತ್ತಿರ ಒಂದು ಉದ್ದನೆಯ ತುಂಬಿದ ಸ್ವರ. ಆ ಸ್ವರ ಕೇಳೋಕೆ ಅಂತಲೇ ರಿಂಗ್ ರೋಡಿಗೆ ಹೋಗಿ ಬರುತ್ತಿದ್ದೆ. ಮೈಲೇಜು 17ರಿಂದ 14ಕ್ಕೆ ಬಂತು. ಸ್ವಲ್ಪ ಕಾರ್ಬುರೇಟರ್ ಸೆಟ್ಟಿಂಗ್ ತಪ್ಪಿದ್ದರಿಂದ, ಜಾಸ್ತಿ ನನ್ನ ಕಾಲಿನಿಂದ.

ಆಮೇಲೆ ಮಂಡ್ಯಕ್ಕೆ ಹೊರಟೆವು. ಹೆಂಡತಿಯ ಊರು ಪಾಂಡವಪುರದ ಕಡೆ, ಆವತ್ತು ಮಂಡ್ಯದಲ್ಲೊಂದು ಮದುವೆ. ಹೆದ್ದಾರಿ ಹತ್ತಿ ನಾಲ್ಕನೇ ಗೇರಿನಲ್ಲಿ 80 ದಾಟುತ್ತಿದ್ದ ಹಾಗೆ ಕಾರಿನ ಒಳಗೆ ಗುಂಯ್ ಅಂತ ಶುರುವಾಯಿತು. ಕಿವಿಗೆ ಕೇಳುವುದಕ್ಕಿಂತ ಎದೆಗೆ, ಹಲ್ಲಿಗೆ ಗೊತ್ತಾಗುತ್ತಿತ್ತು. 75ಕ್ಕೆ ಇಳಿಸಿದರೆ ಇಲ್ಲ, 90ಕ್ಕೆ ಹೋದರೆ ಇಲ್ಲ. 80ರಿಂದ 85ರ ನಡುವೆ ಕಾರು ದೊಡ್ಡ ಮಡಕೆಯಾಗುತ್ತಿತ್ತು. ಇದನ್ನೇ ಡ್ರೋನ್ ಅನ್ನುತ್ತಾರೆ. ಇಂಜಿನ್ನಿನ ಬಡಿತ ಕಾರಿನ ಒಳಗಿನ ಗಾಳಿಯ ಕಂಪನಕ್ಕೆ ಸರಿಯಾಗಿ ಕೂತುಬಿಡುತ್ತದೆ. ಹೆಂಡತಿ ಶ್ರೀರಂಗಪಟ್ಟಣದ ತನಕ ಸುಮ್ಮನಿದ್ದಳು. ಆಮೇಲೆ "ಬಸ್ ಸಿಗುತ್ತಾ ಇಲ್ಲಿ?" ಅಂದಳು. ಮದುವೆ ಮನೆಯಲ್ಲಿ ಮಾವ ಕಾರಿನ ಸುತ್ತ ಒಂದು ಸುತ್ತು ಬಂದು, "ಏನ್ ಅಳಿಯಂದ್ರೆ, ಆಲೆಮನೆ ಇಂಜಿನ್ನ ಇದುಕ್ ಹಾಕ್ಬುಟ್ರಾ?" ಅಂದರು.

ಈಗ ಬರುವುದು ನನಗೆ ತುಂಬಾ ಇಷ್ಟವಾದ ಭಾಗ. ಡ್ರೋನ್ ಹೋಗಿಸೋಕೆ ಒಂದು ವಿಚಿತ್ರ ಉಪಾಯ ಇದೆ. ಮುಖ್ಯ ಪೈಪಿಗೆ ಪಕ್ಕದಲ್ಲಿ ಒಂದು ಕವಲು ಪೈಪು ಬೆಸೆದು, ಅದರ ತುದಿ ಮುಚ್ಚಿಬಿಡುವುದು. ಹೊಗೆ ಅದರಲ್ಲಿ ಹೋಗುವುದಿಲ್ಲ. ಸದ್ದು ಮಾತ್ರ ಒಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಪೈಪಿನ ಉದ್ದ ಆ ಸದ್ದಿನ ತರಂಗದ ಕಾಲು ಭಾಗ ಇದ್ದರೆ, ವಾಪಸ್ ಬಂದ ಸದ್ದು ಸರಿಯಾಗಿ ಉಲ್ಟಾ ಆಗಿ ಬಂದು ಹೊಸ ಸದ್ದನ್ನು ಹೊಡೆದುಹಾಕುತ್ತದೆ. ಆ ಒಂದು ಸ್ವರ ಮಾತ್ರ ಮಾಯ. ಉಳಿದದ್ದು ಹಾಗೇ.

ನನ್ನ ಕಾರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಡ್ರೋನ್ ಬರುವಾಗ ಹೆಂಡತಿ ಕೈಗೆ ಫೋನ್ ಕೊಟ್ಟು, ಸ್ವರ ಅಳೆಯುವ ಆಪ್ ನೋಡಲು ಹೇಳಿದೆ. "85" ಅಂದಳು. 85 ಹರ್ಟ್ಸ್. ಮೂರು ಸಿಲಿಂಡರ್ ಎರಡು ಸುತ್ತಿಗೆ ಮೂರು ಸಲ ಉರಿಯುತ್ತವೆ, ಅಲ್ಲಿಗೆ 3,400 ಆರ್‌ಪಿಎಂ. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಅಂತ ಹೈಸ್ಕೂಲಿನಲ್ಲಿ ಓದಿದ್ದು ನೆನಪಿತ್ತು. ನಾಲ್ಕರಿಂದ ಭಾಗಿಸಿ, 85ರಿಂದ ಭಾಗಿಸಿದರೆ ಸರಿಯಾಗಿ ಒಂದು ಮೀಟರ್. ಎಷ್ಟು ಚೊಕ್ಕ ಲೆಕ್ಕ ಅಂತ ಖುಷಿಪಟ್ಟು ಕತ್ತರಿಸಿ ಬೆಸುಗೆ ಹಾಕಿಸಿದೆ.

ಡ್ರೋನ್ ಅಲ್ಲೇ ಇತ್ತು. ಹೋಗಿದ್ದು ಮೂರನೇ ಗೇರಿನ ಆ ತುಂಬಿದ ಸ್ವರ!

ಒಂದು ವಾರ ತಲೆ ಕೆಟ್ಟಿತ್ತು. ರಾತ್ರಿ ಊಟ ಮಾಡುವಾಗ ಸಾರು ಬಾಯಿ ಸುಟ್ಟಾಗ ಹೊಳೆಯಿತು. ಬಿಸಿ! ಬಿಸಿ ಗಾಳಿಯಲ್ಲಿ ಸದ್ದು ಜೋರಾಗಿ ಓಡುತ್ತದೆ. ಸೈಲೆನ್ಸರಿಗೆ ಹೋಗುವ ಹೊಗೆ 200 ಡಿಗ್ರಿ ದಾಟಿದ್ದರೆ ಸದ್ದಿನ ವೇಗ 450 ಮೀಟರ್ ಹತ್ತಿರ. ಹಾಗಾದರೆ ನನ್ನ ಒಂದು ಮೀಟರ್ ಪೈಪು ಕೊಲ್ಲುತ್ತಿದ್ದದ್ದು 112 ಹರ್ಟ್ಸಿನ ಸದ್ದನ್ನು, ಅಂದರೆ ಸುಮಾರು 4,500 ಆರ್‌ಪಿಎಂ. ನನ್ನ ಇಷ್ಟದ ಸ್ವರ ಇದ್ದಿದ್ದೇ ಅಲ್ಲಿ. 85ನ್ನು ಕೊಲ್ಲಲು 132 ಸೆಂಟಿಮೀಟರ್ ಬೇಕು, ನಾಲ್ಕು ಅಡಿಗಿಂತ ಸ್ವಲ್ಪ ಜಾಸ್ತಿ. ಈ ಸಲ ತುದಿಗೆ ಒಂದು ಜಾರುವ ಮುಚ್ಚಳ ಮಾಡಿಸಿ, ಓಡಿಸಿ ನೋಡಿ, ಎರಡೆರಡು ಬೆರಳು ಸರಿಸಿ, ಡ್ರೋನ್ ಸತ್ತ ಜಾಗದಲ್ಲಿ ವೆಲ್ಡ್ ಮಾಡಿಸಿದೆ. ವೀಣೆಯ ಬಿರಡೆ ತಿರುಗಿಸುವವರಿಗೆ ಈ ಸುಖ ಗೊತ್ತಿರುತ್ತದೆ. ಇಂಜಿನ್ ತಣ್ಣಗಿರುವಾಗ ಮೊದಲ ಐದು ನಿಮಿಷ ಅಪಸ್ವರ, ಬಿಸಿಯಾದ ಮೇಲೆ ಸರಿ.

ಕಾರೇ ಮೂರೂಕಾಲು ಮೀಟರ್ ಚಿಲ್ಲರೆ. ಅದರ ಹೊಟ್ಟೆ ಕೆಳಗೆ ನಾಲ್ಕಡಿ ಪೈಪು. ಹಳ್ಳಿಗಳ ಒಂದೊಂದು ರೋಡ್ ಹಂಪ್‌ಗೂ ಉಜ್ಜುತ್ತಿತ್ತು. ಪಂಚರ್ ಅಂಗಡಿಯವರು ಜಾಕ್ ಹಾಕಿದಾಗ ಕೆಳಗೆ ಬಗ್ಗಿ ನೋಡಿ, "ಸಾರ್, ಈ ಪೈಪು ಎಲ್ಲಿಗೋಗುತ್ತೆ?" ಅಂದರು. "ಎಲ್ಲಿಗೂ ಇಲ್ಲ" ಅಂದೆ. ಅವರು ಮುಂದೆ ಏನೂ ಕೇಳಲಿಲ್ಲ.

2024ರಲ್ಲಿ ಆರ್‌ಸಿ ರಿನ್ಯೂವಲ್ ಬಂತು. ಹದಿನೈದು ವರ್ಷ ಆದ ಗಾಡಿಗೆ ಐದು ವರ್ಷಕ್ಕೊಮ್ಮೆ ಇದು ಇದ್ದದ್ದೇ. ಅಟ್ಟದಿಂದ ಕಂಪನಿ ಸೈಲೆನ್ಸರ್ ಇಳಿಸಿ ಹಾಕಿಸಿದೆ. ಪಾಸ್ ಆಯಿತು. ವಾಪಸ್ ಮನೆಗೆ ಬಂದಾಗ ಎದುರು ಮನೆಯ ಮಗು, ಈಗ ಮಾತಾಡೋಕೆ ಕಲಿತಿದೆ, ಗೇಟಿನಲ್ಲಿ ನಿಂತು ಕೈ ಬೀಸಿತು. ಅವರಮ್ಮನ ಕಿಟಕಿ ತೆರೆದೇ ಇತ್ತು. ಮತ್ತೆ ಬಿಚ್ಚೋಕೆ ಮನಸ್ಸಾಗಲಿಲ್ಲ. ನಾಲ್ಕಡಿ ಪೈಪು ಈಗ ಹಿತ್ತಲಲ್ಲಿ ತೊಂಡೆ ಚಪ್ಪರಕ್ಕೆ ಕಂಬ.

ಆದರೆ ಸದ್ದು ನನಗೊಬ್ಬನಿಗೇ ಬೇಕಾಗಿದ್ದರೆ ಊರಿಗೆಲ್ಲ ಯಾಕೆ ಕೇಳಿಸಬೇಕು? ಲೆಕ್ಸಸ್ ಎಲ್‌ಎಫ್‌ಎ ಅಂತ ಒಂದು ಕಾರಿದೆ, ಮಾಡಿದ್ದೇ 500. ಅದರ ಇಂಜಿನ್ನಿನ ಸದ್ದನ್ನು ಹದ ಮಾಡಿದವರು ಯಮಾಹಾದವರು. ಗಾಳಿ ಎಳೆಯುವ ಕಡೆಯ ಸದ್ದನ್ನು ನೇರ ಕಾರಿನ ಒಳಕ್ಕೆ ತಂದಿದ್ದಾರೆ. ಬಿಎಂಡಬ್ಲ್ಯು ಎಂ5ರಂಥ ಕಾರಿನಲ್ಲೂ ಸ್ಪೀಕರಿನಿಂದ ಇಂಜಿನ್ ಸದ್ದು ಬರಿಸುತ್ತಾರೆ, ಅದು ನನಗೆ ಮೋಸ ಅನ್ನಿಸುತ್ತದೆ. ಮೊದಲನೆಯದು ಮೋಸವಲ್ಲ.

ಏರ್ ಕ್ಲೀನರಿನಿಂದ ಒಂದು ಇಂಚಿನ ರಬ್ಬರ್ ಪೈಪು ತೆಗೆದು, ವೈರಿಂಗ್ ಹೋಗುವ ಕಡೆಯಿಂದ ಡ್ಯಾಶ್‌ಬೋರ್ಡ್ ಕೆಳಗೆ ತಂದೆ. ತುದಿಗೆ ಅಡುಗೆಮನೆಯ ಸ್ಟೀಲ್ ಆಲಿಕೆ. ಮಧ್ಯೆ ಒಂದು ಪಿವಿಸಿ ಜೋಡಣೆ, ಅದರೊಳಗೆ ತಮಟೆಗೆ ಚರ್ಮ ಬಿಗಿದ ಹಾಗೆ ಒಂದು ತೆಳು ಪೊರೆ. ಪೊರೆ ಇಲ್ಲದಿದ್ದರೆ ಕಾರಿನೊಳಗೆ ಪೆಟ್ರೋಲ್ ವಾಸನೆ, ಕಾರ್ಬುರೇಟರಿಗೆ ಸೋಸದ ಗಾಳಿ. ಮೊದಲು ಬಲೂನ್ ರಬ್ಬರ್ ಹಾಕಿದೆ. ಪೆಟ್ರೋಲ್ ಹಬೆಗೆ ವಾರದಲ್ಲಿ ಅಂಟಂಟಾಗಿ ಹರಿಯಿತು. ಆಮೇಲೆ ನೈಟ್ರೈಲ್ ಗ್ಲೌಸ್ ಕತ್ತರಿಸಿ ಬಿಗಿದೆ, ಅದಕ್ಕೆ ಪೆಟ್ರೋಲ್ ಅಂದರೆ ಭಯವಿಲ್ಲ. ಇಂಜಿನ್ ಅಪ್ಪಿತಪ್ಪಿ ಮುಂದಕ್ಕೆ ಉರಿ ಕಾರಿದರೆ ಅಂತ ಪೊರೆಯ ಆಚೆ ಟೀ ಸೋಸುವ ಜಾಲರಿಯನ್ನು ಎರಡು ಪದರ ಇಟ್ಟಿದ್ದೇನೆ. ಆದರೂ ಇದನ್ನು ನೀವೂ ಮಾಡಿ ಅಂತ ನಾನು ಹೇಳಲ್ಲ.

ಹೊರಗೆ ನಿಂತರೆ ಸಾಧಾರಣ ಮಾರುತಿ. ಒಳಗೆ ಕೂತು ಆಕ್ಸಿಲರೇಟರ್ ಒತ್ತಿದರೆ ಮೊಣಕಾಲ ಹತ್ತಿರದಿಂದ ಒಂದು ಉಸಿರೆಳೆಯುವ ಗರ್ಜನೆ. ಕಾಲು ಎತ್ತಿದರೆ ಮೌನ.

ಮೊದಲ ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಆರ್‌ಎಸ್ ರೋಡಿನಲ್ಲಿ ಹೋದೆ. ಅವರು ಕಿಟಕಿ ಗಾಜು ಏರಿಸಿ, ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿದೆ ಅಂದುಕೊಂಡೆ. ಮೇಟಗಳ್ಳಿ ದಾಟಿದ ಮೇಲೆ ಮಾತಾಡಿದರು.

"ಮೂರನೇ ಗೇರಲ್ಲಿ ಪರವಾಗಿಲ್ಲ. ಎರಡನೇದ್ರಲ್ಲಿ ಇನ್ನೂ ಅಕ್ಕಿ ಗಿರಣಿ."

ಎರಡನೇ ಗೇರಿಗೆ ಪೈಪು ಅರ್ಧ ಅಡಿ ಉದ್ದ ಮಾಡಿ ನೋಡಬೇಕು.