ರೇಂಜ್‌ಫೈಂಡರ್‌ಗೆ ಲಕ್ಷಗಟ್ಟಲೆ ಸುರಿಯುವ ಮುಂಚೆ

ವಿಜಯಪುರದ ಫಿಲ್ಮ್ ಗೆಳೆಯರೇ, ರೇಂಜ್‌ಫೈಂಡರ್ (ಕಿಂಡಿಯಲ್ಲಿ ಕಾಣುವ ಎರಡು ಬಿಂಬ ಒಂದಾಗುವಂತೆ ಫೋಕಸ್ ಮಾಡುವ ಕ್ಯಾಮೆರಾ) ಅಂದರೆ ದುಬಾರಿ ಲೈಕಾ ಎಂ6 ಬೇಕೇ ಬೇಕಾ ಅಂತ ಕೇಳುತ್ತಿರುತ್ತೀರಿ. ದುಡ್ಡಿದ್ದರೆ ತಗೊಳ್ರಿ, ಲೆನ್ಸ್ ಬದಲಿಸಬಹುದು, ತಲೆಮಾರು ಬಾಳುತ್ತದೆ. ಆದರೆ ದಿನಾ ಸಂತೆ, ಬಸ್ ಸ್ಟ್ಯಾಂಡ್ ಸುತ್ತಿ ಫೋಟೋ ತೆಗೆಯಲು ನನ್ನ ಮಟ್ಟಿಗೆ 1972ರ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ3 ಧಾರಾಳ ಸಾಕು.

ಅದರ 40 ಎಂಎಂ ಲೆನ್ಸ್ ಎಫ್/1.7ರವರೆಗೆ ತೆರೆಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟು ಒಳಗೆ ಬರುವ ಬೆಳಕು ಜಾಸ್ತಿ). ಗೋಳಗುಮ್ಮಟದ ಒಳಗಿನ ಮಬ್ಬಿಗೆ ಇದು ಬೇಕೇ ಬೇಕು. ಹೊರಗೆ ನಮ್ಮ ಬಿಸಿಲು ಗೊತ್ತಲ್ಲ! ಐಎಸ್‌ಒ 400ರ ಫಿಲ್ಮ್ (ಈ ಸಂಖ್ಯೆ ಹೆಚ್ಚಿದಷ್ಟು ಕಡಿಮೆ ಬೆಳಕು ಸಾಕು) ಹಾಕಿದರೆ ಎಫ್/16, ಶಟರ್ 1/500 ಸೆಕೆಂಡಿಗೆ ಬಂದು ನಿಲ್ಲುತ್ತೀರಿ. ಈ ಕ್ಯಾಮೆರಾದ ಮಿತಿಯೂ ಅಲ್ಲಿಗೇ. ಅದಕ್ಕೇ ಹಗಲಿಗೆ 100 ಅಥವಾ 200ರ ಫಿಲ್ಮ್ ಒಳ್ಳೆಯದು.

ಯಾಶಿಕಾ ಎಲೆಕ್ಟ್ರೋ 35 ಕೂಡ ಚೆಂದ. ಆದರೆ ಬ್ಯಾಟರಿ ಸತ್ತರೆ ಅದರಲ್ಲಿ 1/500 ಒಂದೇ ಉಳಿಯುತ್ತದೆ. ಕ್ಯಾನೊನೆಟ್‌ನಲ್ಲಿ ಬೆಳಕು ಅಳೆಯುವ ಮೀಟರ್ ಮಾತ್ರ ನಿಲ್ಲುತ್ತದೆ, ಶಟರ್ ಎಲ್ಲ ವೇಗದಲ್ಲೂ ಓಡುತ್ತದೆ.

ಕ್ಯಾನೊನೆಟ್‌ಗೆ ಮೂಲತಃ ಬೇಕಿದ್ದ 1.35 ವೋಲ್ಟ್ ಪಾದರಸದ ಸೆಲ್ ಈಗ ಬರುವುದಿಲ್ಲ. ಸುಮ್ನೆ 1.5 ವೋಲ್ಟ್ ಹಾಕಿದರೆ ಮೀಟರ್ ತಪ್ಪು ತೋರಿಸಬಹುದು. ಕಿವಿ ಮೆಷಿನ್‌ನ 675 ನಂಬರ್ ಸೆಲ್ ತನ್ನಿ, ಅಳತೆ ಸಣ್ಣದು, ಸುತ್ತ ಒಂದು ರಬ್ಬರ್ ರಿಂಗ್ ಹಾಕಿ ಕೂರಿಸಿ.

ಹಳೇದು ಕೊಳ್ಳುವಾಗ ಟಾರ್ಚ್ ಬೆಳಕು ಹಾಯಿಸಿ ಲೆನ್ಸ್‌ನಲ್ಲಿ ಬೂಷ್ಟು ಇದೆಯಾ ನೋಡಿ. ಹಿಂಬಾಗಿಲಿನ ಸ್ಪಂಜು ಅಂಟಂಟಾಗಿದ್ದರೆ ಬದಲಿಸಲೇಬೇಕು, ಇಲ್ಲದಿದ್ದರೆ ಫಿಲ್ಮ್‌ಗೆ ಬೆಳಕು ಸೋರುತ್ತದೆ. ಕೊನೆಗೆ ಫೋಕಸ್ಸನ್ನು ಇನ್ಫಿನಿಟಿಗೆ (ಅತಿ ದೂರದ ಗುರುತಿಗೆ) ತಿರುಗಿಸಿ, ದೂರದ ಮಿನಾರು ನೋಡಿ. ಎರಡು ಬಿಂಬ ಒಂದಾಗದಿದ್ದರೆ ರಿಪೇರಿ ಖರ್ಚು ಕಳೆದು ಚೌಕಾಶಿ ಮಾಡಿ.