ಬಾಟ್ಲಿ ಅಲ್ಲಾಡಿಸಿದ್ಯಾ?

ಹಾಸನದಲ್ಲಿ ನೆಂಟರು ಯಾರಾದರೂ 'ಏನು ಕೆಲಸ ಮಾಡ್ತೀಯಮ್ಮ' ಅಂತ ಕೇಳಿದರೆ 'ಲ್ಯಾಬಲ್ಲಿ ಇಲಿ ನೋಡ್ಕೋತೀನಿ' ಅಂದು ಮುಗಿಸುತ್ತೇನೆ. ಹೆಣ್ಣಿಲಿಗಳ ಜನನಾಂಗಕ್ಕೆ ಕ್ಲಮೀಡಿಯ ಅನ್ನುವ, ಲೈಂಗಿಕವಾಗಿ ಹರಡುವ ಬ್ಯಾಕ್ಟೀರಿಯದ ಸೋಂಕು ತಗುಲಿಸಿ, ಅವುಗಳ ಮೈ ಅದನ್ನು ಹೇಗೆ ಓಡಿಸುತ್ತದೆ ಅಂತ ನೋಡುವುದು ನನ್ನ ಕೆಲಸ. ಇದನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂತು ಹೇಳೋಕಾಗುತ್ತಾ?

ಮನುಷ್ಯರಿಗೆ ಬರುವುದು ಕ್ಲಮೀಡಿಯ ಟ್ರಕೋಮ್ಯಾಟಿಸ್. ಅದನ್ನು ಇಲಿಯ ಯೋನಿಗೆ ಹಾಕಿದರೆ ಸಾಮಾನ್ಯವಾಗಿ ಮೇಲಕ್ಕೆ ಹತ್ತದೆ ಬೇಗ ಇಳಿದುಹೋಗುತ್ತದೆ. ಹಾಗಾಗಿ ಇಲಿಗಳದ್ದೇ ಆದ ಕ್ಲಮೀಡಿಯ ಮ್ಯುರಿಡೇರಮ್ ಬಳಸುತ್ತೇವೆ. ಇದು ಗರ್ಭಕೋಶ ದಾಟಿ ಅಂಡನಾಳದವರೆಗೂ ಹೋಗುತ್ತದೆ, ಹೆಂಗಸರಲ್ಲಿ ಆಗುವ ಹಾಗೆ.

ಆದರೆ ಇಲಿ ಅಷ್ಟು ಸುಲಭಕ್ಕೆ ಸೋಂಕು ಹಿಡಿಸಿಕೊಳ್ಳುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆಯಲ್ಲಿದ್ದಾಗ ಯೋನಿಯ ಒಳಪದರ ದಪ್ಪವಾಗಿ, ಮೇಲಿನ ಕೋಶಗಳು ಒಣಗಿ ಉದುರುತ್ತಿರುತ್ತವೆ. ಕ್ಲಮೀಡಿಯಕ್ಕೆ ಹೊಕ್ಕಲು ಜಾಗವೇ ಸಿಗುವುದಿಲ್ಲ. ಅದಕ್ಕೇ ವಾರ ಮುಂಚೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅನ್ನುವ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ಬೆದೆ ನಿಲ್ಲಿಸುತ್ತೇವೆ. ಒಂದು ಇಲಿಗೆ 2.5 ಮಿಲಿಗ್ರಾಂ, ಚರ್ಮದ ಕೆಳಗೆ.

ನಾನು ಕೆಟ್ಟಿದ್ದು ಇಲ್ಲೇ. ಮೊದಲ ಸಲ 15 ಇಲಿ, ಮೂರು ಪಂಜರ. ಸೋಂಕು ಕೊಟ್ಟು ನಾಲ್ಕನೇ ದಿನ ಸ್ವಾಬ್ ತೆಗೆದೆ. ಗಾಜಿನ ಮಣಿ ಹಾಕಿದ ಟ್ಯೂಬಿನಲ್ಲಿ ಸ್ವಾಬನ್ನು ಜೋರಾಗಿ ಕುಲುಕಿ, ಆ ದ್ರವವನ್ನು ಲ್ಯಾಬಲ್ಲಿ ಬೆಳೆಸಿದ ಮೆಕಾಯ್ ಕೋಶಗಳ ಮೇಲೆ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಇಟ್ಟೆ. ಮಾರನೇ ದಿನ ಬಣ್ಣ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಮೂರನೇ ಪಂಜರದ ಇಲಿಗಳಲ್ಲಿ ಕೋಶದೊಳಗೆ ಕ್ಲಮೀಡಿಯದ ಹಸಿರು ಉಂಡೆಗಳು ಹೊಳೆಯುತ್ತಿದ್ದವು, ಎಣಿಸಿ ಸಾಕಾಗುವಷ್ಟು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಮೊದಲನೆಯದು ಪೂರ್ತಿ ಕತ್ತಲು. ಬ್ಯಾಕ್ಟೀರಿಯ ಸತ್ತಿದೆಯಾ ಅಂದರೆ ಮೂರಕ್ಕೂ ಹಾಕಿದ್ದು ಒಂದೇ ಟ್ಯೂಬಿನಿಂದ.

ಆ ಭಾನುವಾರ ಅತ್ತಿಗೆ ಮನೆಗೆ ಬಂದಿದ್ದರು. ಅವರು ಆಲೂರು ಕಡೆಯ ಒಂದು ಪಿಎಚ್‌ಸಿಯಲ್ಲಿ ಸಿಸ್ಟರ್. ಸುಮ್ನೆ ಗೋಳು ಹೇಳಿಕೊಂಡೆ. ಔಷಧಿಯ ಹೆಸರು ಕೇಳಿದವರೇ 'ಅದು ನಮ್ಮ ಅಂತರಾ ಇಂಜೆಕ್ಷನ್ ಅಲ್ವೇನೇ? ಬಾಟ್ಲಿ ಅಲ್ಲಾಡಿಸಿದ್ಯಾ?' ಅಂದರು. ಮೂರು ತಿಂಗಳಿಗೊಮ್ಮೆ ಹೆಂಗಸರಿಗೆ ಕೊಡುವ ಗರ್ಭನಿರೋಧಕ. ಔಷಧಿ ನೀರಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ, ಬಿಟ್ಟರೆ ತಳಕ್ಕೆ ಕೂರುತ್ತದೆ. ನಾನು ಸಲೈನ್ ಬೆರೆಸಿ ತೆಳು ಮಾಡಿ, ಒಂದು ಸಲ ಕುಲುಕಿ, ಮೇಜಿನ ಮೇಲಿಟ್ಟು ಒಂದೊಂದಾಗಿ ಮೇಲಿನಿಂದಲೇ ಎಳೆದಿದ್ದೆ. ಮೊದಲ ಪಂಜರಕ್ಕೆ ಹೋಗಿದ್ದು ಬಹುಪಾಲು ತಿಳಿನೀರು, ಕೊನೆಯದಕ್ಕೆ ಗಟ್ಟಿ ಗಸಿ.

ಸೋಂಕು ಕೊಡುವ ದಿನ ಯೋನಿಯ ಸ್ಮಿಯರ್ ನೋಡಿದ್ದರೂ ಗೊತ್ತಾಗುತ್ತಿತ್ತು. ಬೆದೆಯಲ್ಲಿದ್ದರೆ ಒಣ ಚಕ್ಕೆಯಂಥ ಕೋಶಗಳು, ಔಷಧಿ ಹಿಡಿದಿದ್ದರೆ ಜಾಸ್ತಿ ಬಿಳಿ ರಕ್ತಕಣಗಳು. ಹತ್ತು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ 15 ಇಲಿ ಹಾಳು ಮಾಡಿದೆ. ಇನ್ನಷ್ಟು ಇಲಿ ಬೇಕು ಅಂತ ಪ್ರಾಣಿ ನೈತಿಕ ಸಮಿತಿಗೆ ಕಾರಣ ಬರೆದುಕೊಡುವಾಗ ಕೈ ಓಡಲಿಲ್ಲ.

ಎರಡನೇ ಸಲ ಪ್ರತಿ ಸಿರಿಂಜಿಗೂ ಕುಲುಕಿದೆ. ಮೊದಲ ವಾರ ಎಲ್ಲ ಇಲಿಗಳಲ್ಲೂ ಸೋಂಕು ಏರಿತು, ಸುಮಾರು ನಾಲ್ಕು ವಾರಕ್ಕೆ ತಾನಾಗಿ ಇಳಿಯಿತು. ಇಳಿಸುವುದು ಮುಖ್ಯವಾಗಿ ಸಿಡಿ4 ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ಮತ್ತು ಅವು ಸುರಿಸುವ ಇಂಟರ್‌ಫೆರಾನ್ ಗಾಮ ಅನ್ನುವ ಪ್ರೋಟೀನು. ಪ್ರತಿಕಾಯ ಮಾಡುವ ಬಿ ಕೋಶವೇ ಇಲ್ಲದ ಇಲಿಗಳೂ ಮೊದಲ ಸೋಂಕನ್ನು ಗೆಲ್ಲುತ್ತವೆ. ಪ್ರತಿಕಾಯಗಳ ಬೆಲೆ ಗೊತ್ತಾಗುವುದು ಎರಡನೇ ಸಲ ಸೋಂಕು ಕೊಟ್ಟಾಗ. ಆಗ ಸೋಂಕು ಕಡಿಮೆ ಮಟ್ಟದಲ್ಲಿ ಬಂದು ಬೇಗ ಹೋಗುತ್ತದೆ.

ಗೆದ್ದರೂ ಗುರುತು ಉಳಿಯುತ್ತದೆ. ಕೊನೆಗೆ ಹೊಟ್ಟೆ ಬಿಡಿಸಿ ನೋಡಿದಾಗ ಕೆಲವು ಇಲಿಗಳ ಅಂಡನಾಳ ನೀರು ತುಂಬಿ, ಬೆಂದ ಸಬ್ಬಕ್ಕಿಯ ಹಾಗೆ ಪಾರದರ್ಶಕವಾಗಿ ಉಬ್ಬಿತ್ತು. ಸೋಂಕು ಓಡಿಸಲು ಬಂದ ರಕ್ತಕಣಗಳ ಉರಿಯೂತದಿಂದಲೇ ನಾಳ ಕಟ್ಟಿಕೊಳ್ಳುತ್ತದೆ. ಲಸಿಕೆ ಮಾಡುವವರ ತಲೆನೋವೂ ಇದೇ.

ಇಲಿಯಲ್ಲಿ ಕಂಡಿದ್ದನ್ನು ಹಾಗೇ ಮನುಷ್ಯರಿಗೆ ಅನ್ವಯಿಸಬಾರದು ಅನ್ನುವುದಕ್ಕೆ ನನಗೆ ಎರಡು ಕಾರಣ. ಮನುಷ್ಯರ ಕೋಶದಲ್ಲಿ ಇಂಟರ್‌ಫೆರಾನ್, ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲವನ್ನು ಖಾಲಿ ಮಾಡಿ ಕ್ಲಮೀಡಿಯವನ್ನು ಹಸಿವಿಗೆ ಕೆಡವುತ್ತದೆ. ಜನನಾಂಗದ ಟ್ರಕೋಮ್ಯಾಟಿಸ್ ತಳಿಗಳು ಅಕ್ಕಪಕ್ಕದ ಬ್ಯಾಕ್ಟೀರಿಯ ಬಿಟ್ಟ ಇಂಡೋಲ್ ಅನ್ನುವ ರಾಸಾಯನಿಕದಿಂದ ಟ್ರಿಪ್ಟೊಫಾನ್ ಮಾಡಿಕೊಂಡು ಬದುಕುತ್ತವೆ. ಇಲಿಯ ಕೋಶದ ಆಯುಧವೇ ಬೇರೆ. ಇನ್ನೊಂದು ನಮ್ಮ ಇಂಜೆಕ್ಷನ್. ಹೆಂಗಸರಿಗೆ ಕೊಡುವುದು 150 ಮಿಲಿಗ್ರಾಂ. 20 ಗ್ರಾಂ ಇಲಿಗೆ 2.5 ಅಂದರೆ, 50 ಕೆಜಿಯ ಹೆಂಗಸಿಗೆ ಹೋಲಿಸಿ ಮೈತೂಕಕ್ಕೆ ಲೆಕ್ಕ ಹಾಕಿದರೆ ಸುಮಾರು 40 ಪಟ್ಟು. ಆ ಹಾರ್ಮೋನೇ ರೋಗನಿರೋಧಕ ಶಕ್ತಿಯ ಮೇಲೆ ಕೈಯಾಡಿಸುತ್ತದೆ.

ಅದಕ್ಕೇ ಈಗ ಗಿನಿಪಿಗ್ ಮೇಲೆ ಕಣ್ಣು. ಅದಕ್ಕೆ ಅದರದ್ದೇ ಆದ ಕ್ಲಮೀಡಿಯ ಕೇವಿಯೆ ಇದೆ, ಬೆದೆಯ ಸುತ್ತು ಸುಮಾರು 16 ದಿನ, ಹಾರ್ಮೋನ್ ಇಲ್ಲದೆಯೇ ಸೋಂಕು ಹಿಡಿಯುತ್ತದೆ, ಗಂಡಿನಿಂದ ಹೆಣ್ಣಿಗೆ ಹರಡುತ್ತದೆ ಕೂಡ. ಅತ್ತಿಗೆಗೆ ಹೇಳಿದೆ. 'ಹಾಗಾದ್ರೆ ಬಾಟ್ಲಿ ಕುಲುಕೋ ಕೆಲಸ ಇಲ್ಲ ಅನ್ನು' ಅಂದರು.