ಒಂದೇ ಹೊಳೆ, ಏಳು ತರಗತಿ

ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗಕ್ಕೆ ಹತ್ತಿರ, ಕುಮಟಾ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಒಂದರಿಂದ ಏಳರವರೆಗೆ 68 ಮಕ್ಕಳು, ನಾವು ನಾಲ್ಕು ಜನ. ನಾನು ಘಟ್ಟದ ಮೇಲಿನವಳು, ಶಿರಸಿ ಕಡೆ. ಅಡಿಕೆ ತೋಟ ನೋಡಿ ಬೆಳೆದವಳಿಗೆ ಇಲ್ಲಿಗೆ ಬಂದಾಗ ಹೊಳೆ ಅಂದರೆ ಒಂದೇ ಕಡೆ ಹರಿಯುವ ನೀರು ಅಷ್ಟೇ. ಅದು ಹಿಂದಕ್ಕೂ ಬರುತ್ತದೆ ಎಂದು ಕಲಿಸಿದ್ದು ಇಲ್ಲಿನ ಮಕ್ಕಳು.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೆಯೇ ಪ್ರವಾಸ ಮಾಡಿದೆವು. ಒಂದೇ ದಿನದಲ್ಲಿ ಯಾಣ, ಸಹಸ್ರಲಿಂಗ, ಬನವಾಸಿ. ಒಂದನೇ ತರಗತಿಯ ಪುಟಾಣಿಗಳೂ ಏಳನೆಯ ದೊಡ್ಡವರೂ ಒಟ್ಟಿಗೆ. ನಸುಕಿನಲ್ಲಿ ಹೊರಟು ರಾತ್ರಿ ಹತ್ತೂವರೆಗೆ ಬಂದೆವು. ಘಟ್ಟದಲ್ಲಿ ಅರ್ಧ ಮಕ್ಕಳಿಗೆ ವಾಂತಿ. ಬನವಾಸಿ ದೇವಸ್ಥಾನದ ಜಗುಲಿಯಲ್ಲಿ ಸಣ್ಣವರು ಮಲಗಿಯೇ ಬಿಟ್ಟರು. ಮಾರನೇ ದಿನ ಬರೆಯಲು ಹೇಳಿದರೆ ಹೆಚ್ಚಿನವರು ಬರೆದದ್ದು ಬಸ್ಸಿನ ಹಾಡು, ಐಸ್‌ಕ್ರೀಂ, ವಾಂತಿ. ಮಕ್ಕಳದ್ದು ತಪ್ಪಲ್ಲ. ಅಲ್ಲಿ ಏನು ನೋಡಬೇಕು ಎಂದು ನಾವೇ ಅವರಿಗೆ ಹೇಳಿರಲಿಲ್ಲ.

ಆ ಮಳೆಗಾಲದಲ್ಲಿ ಒಬ್ಬ ಹುಡುಗ ನಾಲ್ಕೈದು ದಿನ ಸಾಲಾಗಿ ತಡವಾಗಿ ಬಂದ. ಬೈದೆ. "ಭರತ ಬಂದಿತ್ತು ಅಕ್ಕೋರೇ, ದಾರಿ ಮೇಲೆ ನೀರಿತ್ತು. ನಾಡಿದ್ದಿನಿಂದ ಬರೂದಿಲ್ಲ, ಆಗ ಬೇಗ ಬರ್ತೆ" ಅಂದ. ಭರತ ಅಂದರೆ ಇಲ್ಲಿ ಉಬ್ಬರ. ನಾಡಿದ್ದಿನಿಂದ ಅವನು ಸಮಯಕ್ಕೆ ಸರಿಯಾಗಿ ಬಂದ! ಮೂರನೇ ತರಗತಿಯ ಹುಡುಗನಿಗೆ ಉಬ್ಬರ ಇಳಿತದ ಲೆಕ್ಕ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ. ಹೊರಸಂಚಾರ ದೂರ ಆಗಬೇಕಿಲ್ಲ. ಒಂದೇ ಹೊಳೆಗೆ ಎಲ್ಲಾ ತರಗತಿಯೂ ಹೋಗಬೇಕು, ಆದರೆ ಪ್ರತಿ ತರಗತಿಗೂ ಕೆಲಸ ಬೇರೆ ಇರಬೇಕು. ಮಗುವಿಗೆ ಒಂದನೇ ತರಗತಿಯಲ್ಲಿ ಒಂದು ಪುಸ್ತಕ ಕೊಡುವುದು, ಏಳು ವರ್ಷವೂ ಅದರಲ್ಲೇ ಬರೆಯುವುದು. ಮಕ್ಕಳು ಅದನ್ನು ಹೊಳೆ ಪುಸ್ತಕ ಅನ್ನುತ್ತಾರೆ.

ಒಂದರಿಂದ ಮೂರು ನಲಿ ಕಲಿ ಒಟ್ಟು ತರಗತಿ, ಅಂದರೆ ಮೂರೂ ತರಗತಿಯವರು ಒಟ್ಟಿಗೆ ಕೂತು ಕಾರ್ಡುಗಳಿಂದ ಆಟವಾಡುತ್ತಾ ಕಲಿಯುವುದು. ಅವರು ಶಾಲೆಯ ಹಿಂದಿನ ಗಜನಿಯ (ಹೊಳೆಯ ಉಪ್ಪು ನೀರು ಬರುವ ಗದ್ದೆ) ಒಡ್ಡಿನವರೆಗೆ ನಡೆದು ಹೋಗುತ್ತಾರೆ, ಅಷ್ಟೇ. ಹತ್ತು ನಿಮಿಷದ ದಾರಿ. ಚಿಪ್ಪು ಹೆಕ್ಕುತ್ತಾರೆ, ಬಂದು ಬಣ್ಣ, ಗಾತ್ರ ನೋಡಿ ಗುಂಪು ಮಾಡುತ್ತಾರೆ. ಒಂದನೆಯವರು ಎಣಿಸುತ್ತಾರೆ. ಎರಡನೆಯವರು ಹತ್ತತ್ತರ ಕಟ್ಟು ಮಾಡುತ್ತಾರೆ. ಮೂರನೆಯವರು ಮೂರು ಸಾಲು ಬರೆಯುತ್ತಾರೆ. ನಲಿ ಕಲಿಯ ಕಾರ್ಡುಗಳ ಜೊತೆ ಇದು ಸುಲಭವಾಗಿ ಹೊಂದಿಕೊಂಡಿತು, ಯಾಕೆಂದರೆ ಅಲ್ಲಿ ಮೊದಲಿನಿಂದಲೂ ಮಗು ತನ್ನ ಕಲಿಕೆಯ ಹಂತದಲ್ಲಿ ತಾನು ನಡೆಯುತ್ತದೆ. ತಂದ ಎಲೆ, ಬರೆದ ಚಿತ್ರ ಎಲ್ಲಾ ತರಗತಿಯೊಳಗೆ ತಲೆಯ ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ನೇತುಹಾಕುತ್ತೇವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮಕ್ಕಳ ಮನೆಮಾತು ಒಂದೇ ಅಲ್ಲ. ಪುಸ್ತಕದಲ್ಲಿ ಸಿಗಡಿ ಅಂತಿದೆ. ಕನ್ನಡ ಮಾತಾಡುವ ಮನೆಯಲ್ಲಿ ಅದು ಶೆಟ್ಲಿ, ಕೊಂಕಣಿ ಮನೆಯಲ್ಲಿ ಸುಂಗಟ. ಮೊದಲೆಲ್ಲ ನಾನು "ಸಿಗಡಿ ಅನ್ನಿ" ಎಂದು ತಿದ್ದುತ್ತಿದ್ದೆ. ಆಗ ಮಕ್ಕಳು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಈಗ ಗೋಡೆಯ ಕಪ್ಪು ಹಲಗೆಯ ಮೇಲೆ ಮೂರೂ ಹೆಸರು ಪಕ್ಕಪಕ್ಕ ಬರೆಯುತ್ತೇವೆ. ಮಾತಾಡದ ಮಕ್ಕಳು ಮಾತಾಡಲು ಶುರು ಮಾಡಿದ್ದು ಇದರಿಂದಲೇ.

ನಾಲ್ಕನೇ ತರಗತಿಗೆ ಉಪ್ಪು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಕೆಲಸ ನಡೆಯುವುದನ್ನು ನೋಡಬಹುದು. ಆದರೆ ಹೋಗುವ ಮೊದಲು ತರಗತಿಯಲ್ಲೇ ಒಂದು ಲೀಟರ್ ಸಮುದ್ರದ ನೀರನ್ನು ಅಗಲವಾದ ಸ್ಟೀಲ್ ತಟ್ಟೆಗಳಲ್ಲಿ ಹಾಕಿ ಬಿಸಿಲಿಗಿಟ್ಟೆವು. ಎಷ್ಟು ಉಪ್ಪು ಸಿಗುತ್ತದೆ ಎಂದು ಮೊದಲೇ ಊಹೆ ಮಾಡಿಸಿದೆ. ಒಬ್ಬಳು ಒಂದು ಚಮಚ ಅಂದಳು, ಇನ್ನೊಬ್ಬ ಅರ್ಧ ಕೆಜಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮಗೆ ಅಂಗಡಿ ತಕ್ಕಡಿಯಲ್ಲಿ 30 ಗ್ರಾಂ ಬಂತು, ತಟ್ಟೆಗೆ ಅಂಟಿದ್ದು ಬಿಟ್ಟು. ಇದನ್ನು ಕೈಯಾರೆ ಮಾಡಿದವರು ಆಗರದಲ್ಲಿ ಸುಮ್ನೆ ಫೋಟೋಕ್ಕೆ ನಿಲ್ಲಲಿಲ್ಲ. "ಈ ಮಡಿಯ ನೀರು ಆ ಮಡಿಗೆ ಯಾಕೆ ಬಿಡ್ತೀರಿ? ಎಷ್ಟು ದಿನ ಬೇಕು?" ಎಂದು ಕೆಲಸದವರನ್ನೇ ಕೇಳಿದರು. ಆಗಸ್ಟ್‌ನಲ್ಲಿ ನಮ್ಮ ಧಕ್ಕೆಯ (ದೋಣಿ ನಿಲ್ಲಿಸುವ ಕಟ್ಟೆ) ಹತ್ತಿರದ ನೀರು ತಂದು ಬಿಸಿಯೂಟದ ಅಡುಗೆ ಅಕ್ಕನ ಹತ್ತಿರ ಕುದಿಸಿ ಬತ್ತಿಸಿದೆವು. ಪಾತ್ರೆಯ ತಳದಲ್ಲಿ ಚೂರು ಬಿಳಿ ಕಂಡಿತು, ಅಷ್ಟೇ. ಮಳೆ ನೀರು ಹೊಳೆಯನ್ನು ಸಪ್ಪೆ ಮಾಡಿತ್ತು.

ಮುಂದಿನ ವರ್ಷದ ಪಾಠಕ್ಕೆ ಇದೇ ಬಾಗಿಲು. ಐದನೇ ತರಗತಿಗೆ ಗಜನಿ, ಅಲ್ಲಿ ಬೆಳೆಯುವ ಕಗ್ಗ ಭತ್ತ, ಮತ್ತೆ ಬಳಚು, ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ, ತಿನ್ನುವ ಚಿಪ್ಪು. ಉಪ್ಪು ನೀರಿನ ಗದ್ದೆಯಲ್ಲಿ ಭತ್ತ ಹೇಗೆ ಬೆಳೆಯುತ್ತದೆ ಎಂದು ಕೇಳಿದರೆ, ಪಾತ್ರೆಯ ತಳ ನೋಡಿದ ಮಗುವೇ ಹೇಳುತ್ತದೆ: ಮಳೆಗಾಲದಲ್ಲಿ ಉಪ್ಪು ಕಡಿಮೆ ಇರ್ತದೆ. ಸ್ವಲ್ಪ ಉಪ್ಪನ್ನು ಕಗ್ಗ ತಡೆದುಕೊಳ್ಳುತ್ತದೆ, ಗೊಬ್ಬರವನ್ನೂ ಕೇಳುವುದಿಲ್ಲ. ಕೊಯ್ಲು ಆದ ಮೇಲೆ ಹಲಗೆ ಬಾಗಿಲು ತೆಗೆದು ಭರತದ ನೀರು ಒಳಗೆ ಬಿಡುತ್ತಾರೆ, ಅದೇ ಗದ್ದೆ ಮೀನಿನದ್ದು, ಶೆಟ್ಲಿಯದ್ದು ಆಗುತ್ತದೆ.

ಐದನೆಯವರ ಜೊತೆಗೆ ನಾನು ದೊಡ್ಡ ತಪ್ಪು ಮಾಡಿದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ತುಂಬಾ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಹಾಗಾಗಿ ಬಳಚು ನೋಡಲು ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತೂವರೆಗೆ ಮಕ್ಕಳನ್ನು ಕರೆದುಕೊಂಡು ಹೋದೆ. ಹೊಳೆ ದಂಡೆಯವರೆಗೆ ತುಂಬಿ ನಿಂತಿತ್ತು! ನೆಲವೇ ಕಾಣಲಿಲ್ಲ. ಒಬ್ಬ ಹುಡುಗಿಯ ಅಮ್ಮ ಬಳಚು ತೆಗೆಯುವವರು. ಅವರು ಅಲ್ಲೇ ಇದ್ದರು. "ಅಮಾಸೆಗೆ ಈಗ ಭರತ ಅಕ್ಕೋರೇ. ಇಳಿಯೂದು ಸಂಜೆಗೆ, ಇಲ್ಲಾಂದ್ರೆ ಬೆಳಗಿನ ಜಾವ. ನೀವು ಚೌತಿ, ಪಂಚಮಿಗೆ ಬನ್ನಿ, ಬೆಳಿಗ್ಗೆ ಎಂಟಕ್ಕೆ" ಅಂದರು.

ಯಾಕೆ ಚೌತಿ? ಅದನ್ನೇ ಪಾಠ ಮಾಡಿದೆವು. ಧಕ್ಕೆಯ ಕಂಬಕ್ಕೆ ಹತ್ತು ಸೆಂಟಿಮೀಟರಿಗೊಂದು ಬಣ್ಣದ ಗೆರೆ ಎಳೆದೆವು. ದಿನಾ ಹನ್ನೊಂದು ಗಂಟೆಗೆ ಇಬ್ಬರು ಮಕ್ಕಳು ಒಬ್ಬ ಶಿಕ್ಷಕರ ಜೊತೆ ಹೋಗಿ ನೀರು ಯಾವ ಗೆರೆಯಲ್ಲಿದೆ ಎಂದು ಬರೆದು ಬರುವುದು. ಭಾನುವಾರ ಹತ್ತಿರದ ಮನೆಯವರು ನೋಡಿ ಹೇಳುತ್ತಿದ್ದರು. ಹದಿನೈದು ದಿನ ಆದ ಮೇಲೆ ಗ್ರಾಫ್ ಎಳೆದರೆ ನೀರು ಇಳಿದು ಮತ್ತೆ ಏರಿತ್ತು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಏಳೆಂಟು ದಿನಕ್ಕೆ ಆರು ಗಂಟೆ ಆಯಿತು, ಅಂದರೆ ಭರತ ಇದ್ದ ಹೊತ್ತಿಗೆ ಇಳಿತ. ಅಷ್ಟಮಿಗೆ ಹೋದರೆ ಹನ್ನೊಂದು ಗಂಟೆಗೆ ಇಳಿತ ಸಿಗುತ್ತದೆ, ಆದರೆ ಆಗ ನೀರು ಜಾಸ್ತಿ ಇಳಿಯುವುದಿಲ್ಲ. ಚೌತಿ, ಪಂಚಮಿಯಲ್ಲಿ ಎರಡೂ ಹದವಾಗಿ ಸಿಗುತ್ತದೆ. ಆ ತಾಯಿ ಒಂದೇ ಮಾತಿನಲ್ಲಿ ಹೇಳಿದ್ದು ಇಷ್ಟೆಲ್ಲ.

ಚೌತಿಯ ದಿನ ಎಂಟಕ್ಕೆ ಹೋದೆವು. ಅವರೇ ಆ ದಿನದ ಟೀಚರ್. ಕಾಲಿನಲ್ಲಿ ಕೆಸರು ತಡಕಿ ಬಳಚು ಹುಡುಕುವುದು ತೋರಿಸಿದರು. ಸಣ್ಣದನ್ನು ವಾಪಸ್ ಹಾಕುತ್ತಿದ್ದರು. ಮಕ್ಕಳು ಸ್ಕೇಲ್ ಇಟ್ಟು ನೂರು ಬಳಚು ಅಳೆದು, ಶಾಲೆಗೆ ಬಂದು ಕಂಬನಕ್ಷೆ ಮಾಡಿದರು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು, ಪ್ರಪಂಚವೇ ಕಾಪಾಡಬೇಕು ಎನ್ನುವ ನೀರಿನ ಜಾಗಗಳ ಪಟ್ಟಿ ಅದು. ನಕ್ಷೆಯಲ್ಲಿ ಜಾಗ ತೋರಿಸಿದಾಗ ಆ ಹುಡುಗಿ, ಮೊದಲು ಹಾಜರಿಗೂ ಸರಿಯಾಗಿ ದನಿ ತೆಗೆಯದವಳು, ಎದ್ದು ನಿಂತು "ನನ್ನ ಆಯಿ ಹೋಗೂ ಜಾಗ" ಅಂದಳು.

ಆರನೇ ತರಗತಿಗೆ ಮಿರ್ಜಾನ ಕೋಟೆ. ಅದೂ ಇದೇ ಹೊಳೆಯ ಬದಿಗೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಪಾಠ ಅಲ್ಲಿ. ಹೆಜ್ಜೆ ಲೆಕ್ಕದಲ್ಲಿ ಗೋಡೆ ಅಳೆಯುವುದು, ಚಿರೆಕಲ್ಲಿನ ಚಿತ್ರ ಬರೆಯುವುದು. ಇದು ಇನ್ನೂ ನನಗೆ ಪೂರ್ತಿ ಕೂಡಿಬಂದಿಲ್ಲ. ಮಕ್ಕಳಿಗೆ ಓಡಲು ಜಾಗ ಸಿಕ್ಕಿದ ಖುಷಿಯೇ ಜಾಸ್ತಿ ಆಗುತ್ತದೆ.

ನೀರಿನ ಹತ್ತಿರ ಹೋಗುವುದರಿಂದ ಕೆಲವು ವಿಷಯದಲ್ಲಿ ನಾವು ಕಟ್ಟುನಿಟ್ಟು. ಜೂನ್, ಜುಲೈನಲ್ಲಿ ಯಾವ ಹೊರಸಂಚಾರವೂ ಇಲ್ಲ. ಇಲಾಖೆಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ ಎರಡೂ ಕೈಯಲ್ಲಿ ಇಲ್ಲದೆ ಗೇಟು ದಾಟುವುದಿಲ್ಲ. ಮೊಣಕಾಲಿಗಿಂತ ಮೇಲೆ ನೀರಿರುವಲ್ಲಿ ಯಾರೂ ಇಳಿಯುವಂತಿಲ್ಲ. ಮಕ್ಕಳು ಇಬ್ಬಿಬ್ಬರ ಜೋಡಿ, ಸೀಟಿ ಊದಿದ ಕೂಡಲೇ ಜೋಡಿಯ ಕೈ ಹಿಡಿದು ನಿಲ್ಲಬೇಕು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಇಬ್ಬರು ಯಾವಾಗಲೂ ಜೊತೆಗೆ ಬರುತ್ತಾರೆ, ಇಬ್ಬರಿಗೂ ಈಜು ಬರುತ್ತದೆ.

ಏಳನೆಯವರಿಗೆ ಮಾತ್ರ ಬಸ್ಸು. ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಶಂಕರ ಹೊಂಡಕ್ಕೆ. ಅಘನಾಶಿನಿ ಹುಟ್ಟುವ ಒಂದು ಜಾಗ ಅದು, ಇನ್ನೊಂದು ಮಂಜುಗುಣಿ. ನಾನು ಸಣ್ಣವಳಿದ್ದಾಗ ಅದೆಷ್ಟೋ ಸಲ ನೋಡಿದ ಹೊಂಡ. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಆಗ ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಣೆಕಟ್ಟಿಲ್ಲದೆ ಹರಿಯುವ ಈ ಹೊಳೆ ನಡುವೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. ಆ ಸದ್ದಿಗೆ ಕಿವಿ ಕೇಳದ ಹಾಗಾಗುತ್ತದೆ ಎಂದು ಊರವರು ಕೆಪ್ಪ ಜೋಗ ಅನ್ನುತ್ತಾರೆ. ಹಿಂದಿನ ಸಲ ಒಬ್ಬ ಹುಡುಗ ಮನೆಯಿಂದ ಒಂದು ಬಾಟಲಿಯಲ್ಲಿ ನಮ್ಮ ಧಕ್ಕೆಯ ನೀರು ತಂದಿದ್ದ, ಇನ್ನೊಂದು ಖಾಲಿ ಬಾಟಲಿ ಇತ್ತು. ಖಾಲಿಯದರಲ್ಲಿ ಹೊಂಡದ ನೀರು ತುಂಬಿಕೊಂಡ. ಈಗ ಎರಡೂ ನಮ್ಮ ಕಪಾಟಿನಲ್ಲಿವೆ. ಒಂದರಲ್ಲಿ ಕೆಳಗೆ ಮಣ್ಣು ಕೂತಿದೆ.

ಆದರೆ ಈವರೆಗೆ ಮೇಲೆ ಹೋದ ಏಳನೆಯವರು ಯಾರೂ ಒಂದರಿಂದ ಶುರು ಮಾಡಿದವರಲ್ಲ. ಹೊಳೆ ಪುಸ್ತಕದ ಮೊದಲ ಪುಟದಲ್ಲಿ ಚಿಪ್ಪು ಅಂಟಿಸಿದ ಮಕ್ಕಳು ಈಗ ಐದರಲ್ಲಿದ್ದಾರೆ. ಆ ಪುಸ್ತಕ ಹಿಡಿದುಕೊಂಡು ಅವರು ಶಂಕರ ಹೊಂಡದ ಹತ್ತಿರ ಕೂರಲು ಇನ್ನೂ ಎರಡು ವರ್ಷ ಇದೆ. ಅಲ್ಲಿಯವರೆಗೆ ನನಗೆ ವರ್ಗಾವಣೆ ಆಗದಿದ್ದರೆ ಸಾಕು.